ಒಂದೇ ಬದಿ ಹಾಡಿದ ಮಳೆಗಾಲ

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಎಲ್ಲರಿಗೂ ಗೊತ್ತಿರುವುದು ಒಂದೇ. ಒಬ್ಬ ಕೀಬೋರ್ಡಿನವ, ಒಬ್ಬ ರಿದಂ ಪ್ಯಾಡಿನವ, ಮಿಂಚುವ ಅಂಗಿಯ ಗಾಯಕ, ಮೈಕನ್ನು ನುಂಗುವ ಹಾಗೆ ಹಿಡಿದ ಗಾಯಕಿ, ಸಿನಿಮಾ ಹಾಡು, ಎದುರಿಗೆ ಪ್ಲಾಸ್ಟಿಕ್ ಕುರ್ಚಿ. ಹಾಗಾಗಿ ಹೋದ ತಿಂಗಳು ಬ್ರಹ್ಮಾವರದ ಹತ್ತಿರದ ಒಂದು ಶಾಲೆಯ ಸಭಾಂಗಣದಲ್ಲಿ ಆರ್ಕೆಸ್ಟ್ರಾ ಇದೆ, ಮಕ್ಕಳನ್ನು ಕರೆದುಕೊಂಡು ಬನ್ನಿ ಅಂತ ಕರೆ ಬಂದಾಗ ಬಾರ್ಕೂರಿನ ನನ್ನ ಒಂಬತ್ತನೇ ಕ್ಲಾಸು ಕುಣಿದಾಡಿತು. ಅಲ್ಲಿ ಹೋಗಿ ನೋಡಿದರೆ ವೇದಿಕೆಯ ತುಂಬ ಕಪ್ಪು ಬಟ್ಟೆ ತೊಟ್ಟ ಜನ. ಪಿಟೀಲು, ದೊಡ್ಡ ಪಿಟೀಲು, ಆಳೆತ್ತರ ನಿಲ್ಲಿಸಿಕೊಂಡು ನುಡಿಸುವ ಇನ್ನೂ ದೊಡ್ಡ ಪಿಟೀಲು, ಕೊಳವೆಗಳು, ತುತ್ತೂರಿಗಳು. ಮೈಕಿಲ್ಲ. ಹಾಡುವವರಿಲ್ಲ. ನನ್ನ ಮಕ್ಕಳ ಮುಖ ಮಳೆಗೆ ಸಿಕ್ಕಿದ ಹಪ್ಪಳದ ಹಾಗಾಯಿತು.

ನಾನು ಗಣಿತ ಕಲಿಸುವವಳು. ಸಂಗೀತದಲ್ಲಿ ಷಡ್ಜ ಯಾವುದು ಪಂಚಮ ಯಾವುದು ಅಂತ ಯಾರಾದರೂ ಕೇಳಿದರೆ ಬೆಬ್ಬೆಬ್ಬೆ ಅನ್ನಬೇಕು. ಆದರೂ ಮುಂದೆಯೇ ಹೋಗಿ ಕೂತೆ. ಮೊದಲು ಒಂದು ಕೊಳವೆ ಒಂದೇ ಒಂದು ದನಿ ಹಿಡಿಯಿತು, ಉಳಿದವರೆಲ್ಲ ತಮ್ಮ ತಮ್ಮ ವಾದ್ಯವನ್ನು ಅದಕ್ಕೆ ಹೊಂದಿಸಿಕೊಂಡರು. ಅದೇ ಹಾಡು ಅಂದುಕೊಂಡು ಹಿಂದೆ ಕೂತ ಹುಡುಗರು ಚಪ್ಪಾಳೆ ಹೊಡೆದುಬಿಟ್ಟರು. ನುಡಿಸುವವರೂ ನಕ್ಕರು. ಆಮೇಲೆ ನಿಜವಾದದ್ದು ಶುರುವಾಯಿತು. ಪೆಟ್ಟಿಗೆಯೊಳಗಿಂದ ಬರುವ ಸಂಗೀತವನ್ನಷ್ಟೇ ಕೇಳಿದ ನನ್ನಂಥವಳಿಗೆ ಅದು ಮನುಷ್ಯರ ಮೈಯಿಂದ ಬರುವುದನ್ನು ನೋಡುವುದೇ ಒಂದು ಬೆರಗು. ದನಿಗಿಂತ ಮೊದಲು ಮೊಣಕೈ ಏಳುತ್ತದೆ. ಕೊಳವೆಯವಳು ಉಸಿರೆಳೆದುಕೊಳ್ಳುವುದು ಕೇಳುತ್ತದೆ. ಆಳೆತ್ತರದ ಪಿಟೀಲು ನುಡಿದರೆ ಕಿವಿಗಿಂತ ಮೊದಲು ಕೂತ ಬೆಂಚಿಗೆ ಗೊತ್ತಾಗುತ್ತದೆ.

ಎರಡನೆಯದಾಗಿ ಅವರು ಎತ್ತಿಕೊಂಡದ್ದನ್ನು ನಾನು ಮೊದಲ ಎಳೆತದಲ್ಲೇ ಗುರುತು ಹಿಡಿದೆ. ಅದರ ನಿಜವಾದ ಹೆಸರು ಆವತ್ತೂ ಗೊತ್ತಿರಲಿಲ್ಲ, ಸಂಘಟಕರು ಹೇಳಿದ್ದು ಕಿವಿಗೆ ಬೀಳಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ‘ಬಲೆ ಎಳೆಯುವುದು’ ಅಂತ ಹೆಸರು. ಪಿಟೀಲುಗಳೆಲ್ಲ ಒಟ್ಟಿಗೆ ಒಂದು ಸಲ ಎಳೆಯುತ್ತವೆ, ಬಿಡುತ್ತವೆ, ಮತ್ತೆ ಸ್ವಲ್ಪ ಜಾಸ್ತಿ ಎಳೆಯುತ್ತವೆ. ಎಲ್ಲಿ ದೊಡ್ಡ ಚರ್ಮವಾದ್ಯ ಗುಡುಗುತ್ತದೆ, ಎಲ್ಲಿ ಎಲ್ಲವೂ ತಟ್ಟನೆ ನಿಲ್ಲುತ್ತವೆ, ಎಲ್ಲವೂ ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ. ಆದರೆ ಬಾಯಿಪಾಠ ಇರುವುದು ಅರ್ಧ ಮಾತ್ರ, ರೆಕಾರ್ಡಿನ ಒಂದು ಬದಿಯಷ್ಟು. ಆ ಬದಿ ಮುಗಿಯುವ ಜಾಗ ಬಂದಾಗ ನನ್ನ ಬಲಗೈ ತಾನಾಗಿ ಮುಳ್ಳೆತ್ತಲು ಮೇಲೆ ಹೋಯಿತು. ವೇದಿಕೆಯ ಮೇಲಿದ್ದವರು ಹಾಳೆ ಮಗುಚಿ ಮುಂದೆ ಹೋದರು.

ಮುಂದೆಯೂ ಇದೆ ಅನ್ನುವುದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಕೇಳಲು ತಯಾರಿರಲಿಲ್ಲ. ಪಿಟೀಲುಗಳು ಸುಮ್ಮನಾದವು, ಆ ಕೊಳವೆಯವಳು ಒಬ್ಬಳೇ ನಿಧಾನವಾಗಿ ಏನೋ ಹೇಳತೊಡಗಿದಳು. ಪಕ್ಕದಲ್ಲಿ ಕೂತ ಹುಡುಗಿ, ಟೀಚರಿಗೆ ಹುಷಾರಿಲ್ಲವಾ ಅಂತ ಕೇಳಿದಳು. ಹೌದು ಅಂದೆ.

ಆ ಭಾನುವಾರ ಕಪಾಟಿನ ಮೇಲಿದ್ದ ಪ್ಲೇಯರನ್ನು ಕೆಳಗಿಳಿಸಿ, ಪೇಟೆಯಿಂದ ತರಿಸಿದ ಹೊಸ ಮುಳ್ಳು ಸಿಕ್ಕಿಸಿ, ಅದೇ ರೆಕಾರ್ಡನ್ನು ತೆಗೆದು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದರ ಆಚೆ ಬದಿ ಹಾಕಿದೆ. ಈಚೆ ಬದಿ ಉಜ್ಜಿ ಉಜ್ಜಿ ಬೂದಿಬಣ್ಣಕ್ಕೆ ತಿರುಗಿದೆ, ಹಾಕಿದರೆ ಬಾಣಲೆಯಲ್ಲಿ ಒಗ್ಗರಣೆ ಸಿಡಿದ ಹಾಗೆ ಕೇಳುತ್ತದೆ. ಆಚೆ ಬದಿ ಮಾತ್ರ ಕಪ್ಪಗೆ ಹೊಸದರ ಹಾಗಿತ್ತು. ಸಭಾಂಗಣದಲ್ಲಿ ಕೇಳಿದಷ್ಟು ದೊಡ್ಡದಾಗಿ ಕೇಳಲಿಲ್ಲ, ಆದರೆ ಕೊಳವೆ ಪಕ್ಕದ ಕೋಣೆಯಲ್ಲಿ ಯಾರೋ ಒಬ್ಬರೇ ಮಾತಾಡಿಕೊಂಡಷ್ಟು ಹತ್ತಿರವಿತ್ತು. ಹಿತ್ತಿಲಲ್ಲಿ ಅತ್ತೆ ಬೂತಾಯಿ ಮೀನು ಹೆರೆಯುತ್ತಿದ್ದರು. ಇದು ಯಾವುದು ಅಂತ ಅಲ್ಲಿಂದಲೇ ಕೇಳಿದರು. ಅದರದ್ದೇ ಆಚೆ ಬದಿ ಅಂದೆ. ಮೀನು ಹೆರೆಯುವ ಸದ್ದು ನಿಂತಿತು.

ಆಮೇಲೆ ನನಗೆ ಆ ಮಳೆಗಾಲವನ್ನು ಬಿಟ್ಟು ಬೇರೆ ಏನೂ ಯೋಚಿಸಲಾಗಿಲ್ಲ. ಬರೆದಾದರೂ ಇಡೋಣ ಅಂತ ಕೂತಿದ್ದೇನೆ.

ಆಗ ನಾವಿದ್ದದ್ದು ಕುಂದಾಪುರದ ಕೋಡಿಯಲ್ಲಿ. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಿಂದ ಕೂಗಿದರೆ ಕೇಳುವಷ್ಟು ದೂರದ ಮನೆ. ಮನೆಯಲ್ಲಿ ನನ್ನ ಗಂಡ ಶೇಖರ, ಅವರ ಅಮ್ಮ, ನಾನು. ಶೇಖರ ಹದಿನಾರನೇ ವಯಸ್ಸಿಗೆ ಮುಂಬೈಗೆ ಹೋಗಿ ಹೋಟೆಲು ಸೇರಿದವರು. ಹೋಟೆಲಿನಿಂದ ಒಬ್ಬ ಪಾರ್ಸಿ ಅಜ್ಜನ ಮನೆಗೆ ದಿನಾ ಊಟ ಕೊಡುವುದು ಅವರ ಕೆಲಸ. ಅಜ್ಜ ಊಟ ಮುಗಿಸುವ ತನಕ, ಪಾತ್ರೆ ವಾಪಸ್ಸು ತರಲಿಕ್ಕೆ ಬಾಗಿಲ ಹತ್ತಿರ ಕಾಯಬೇಕು. ಅಜ್ಜ ರೆಕಾರ್ಡು ಹಾಕಿಕೊಂಡೇ ಉಣ್ಣುವವರು, ಅವರಿಗೆ ಅವಸರವೇ ಇಲ್ಲ. ಹಾಗೆ ವರ್ಷಗಟ್ಟಲೆ ಬಾಗಿಲಲ್ಲಿ ನಿಂತು ಕೇಳಿ ಕೇಳಿ ಈ ಮನುಷ್ಯನಿಗೆ ಆ ಹುಚ್ಚು ಹತ್ತಿತು. ಅಜ್ಜ ಸತ್ತಾಗ ಅವರ ಸಂಬಂಧಿಕರು ಮನೆ ಖಾಲಿ ಮಾಡಿಸುತ್ತ, ಇದೊಂದು ಪೆಟ್ಟಿಗೆ ಕಸ ಬೇಕಾದರೆ ನೀನು ತೆಗೆದುಕೋ ಅಂದರಂತೆ. ಮುಂಬೈ ಬಿಟ್ಟು ಬರುವಾಗ ಎಲ್ಲರೂ ಟಿವಿ ತಂದರು, ಮಿಕ್ಸಿ ತಂದರು. ನನ್ನ ಗಂಡ ಸೂಟ್‌ಕೇಸಿನ ಹಾಗೆ ಮುಚ್ಚುವ ಒಂದು ಪ್ಲೇಯರನ್ನೂ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ತಂದರು. ಊರವರು ಅದಕ್ಕೆ ಇಂಗ್ಲಿಷ್ ಬಾಜಾ ಅಂತ ಹೆಸರಿಟ್ಟು ನಗಾಡಿದರು.

ರೆಕಾರ್ಡುಗಳ ಲಕೋಟೆಯ ಮೇಲೆ ಬರೆದದ್ದು ಯಾವ ದೇಶದ ಭಾಷೆಯೋ, ನನಗೂ ಓದಲಿಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಅವರು ತಾವೇ ಹೆಸರಿಟ್ಟುಕೊಂಡಿದ್ದರು. ಒಂದು ‘ಪಾರ್ಸಿ ಅಜ್ಜನ ನಿದ್ದೆ’, ಒಂದು ‘ಗಲಾಟೆ’, ಒಂದು ‘ಬಲೆ ಎಳೆಯುವುದು’. ಲುಂಗಿ ಮೇಲೆ ಕಟ್ಟಿಕೊಂಡು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಬೆರಳೆತ್ತಿ, ಈಗ ಕಾಣು, ಈಗ ಎಳೆಯುತ್ತಾರೆ ಅಂತ ನನಗೆ ಹೇಳಿಕೊಡುವುದು. ನಾನು ಉತ್ತರಪತ್ರಿಕೆ ತಿದ್ದುತ್ತ ಹೂಂ ಹೂಂ ಅನ್ನುವುದು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿರಲಿಲ್ಲ. ಇಷ್ಟರಲ್ಲೇ ನಾವು ಸುಖವಾಗಿದ್ದೆವು ಅಂತ ಈಗ ಅನ್ನಿಸುತ್ತದೆ, ಆಗ ಅದಕ್ಕೆ ಸುಖ ಅಂತ ಹೆಸರಿಟ್ಟಿರಲಿಲ್ಲ.

ಆರಿದ್ರಾ ಮಳೆಯ ದಿನಗಳು. ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧದ ಕಾಲ, ನಾಡದೋಣಿಯವರು ಮಾತ್ರ ಕಡಲು ಸ್ವಲ್ಪ ತಣಿದಾಗ ದಡದ ಹತ್ತಿರ ಹೋಗಿ ಬರುತ್ತಾರೆ. ಆವತ್ತು ನನಗೆ ರಜೆ. ಮಧ್ಯಾಹ್ನ ‘ಬಲೆ ಎಳೆಯುವುದು’ ಒಂದು ಬದಿ ಮುಗಿಯುವ ಹೊತ್ತಿಗೆ ಅಂಗಳದಿಂದ ರಘು ಕರೆದ. ರಘು ಶೇಖರನ ದೊಡ್ಡಪ್ಪನ ಮಗ, ದೋಣಿಯಲ್ಲಿ ಜೊತೆಗಾರ. ಸಿಗಡಿ ಹತ್ತಿರವೇ ಬಂದಿದೆ, ಕಡಲೂ ಸುಮ್ಮನಿದೆ ಅಂದ. ಶೇಖರ ಮುಳ್ಳನ್ನು ಎತ್ತಿಟ್ಟು ಎದ್ದರು. ಆಚೆ ಬದಿ ಹಾಕಲಾ ಅಂತ ನಾನೇ ಕೇಳಿದ್ದು.

‘ಬ್ಯಾಡ. ಆಚೆ ಬದಿ ನಾ ಬಂದ್ಕಂಡ್ ಹಾಕ್ತೆ,’ ಅಂದರು.

ಹೋಗುವಾಗ ಕಡಲು ಸುಮ್ಮನೆಯೇ ಇತ್ತಂತೆ. ಬರುವಾಗ ಅಳಿವೆಯ ಬಾಯಿಯಲ್ಲಿ ತೆರೆ ಎದ್ದು ದೋಣಿ ಕವುಚಿತು. ದೋಣಿಯಲ್ಲಿದ್ದವರು ನಾಲ್ವರು. ರಘುವೂ ಇನ್ನಿಬ್ಬರೂ ಗಂಗೊಳ್ಳಿ ಬದಿಗೆ ಈಜಿ ಬಿದ್ದರು. ದೋಣಿಯೂ ಮರುದಿನ ದಡಕ್ಕೆ ಬಂತು. ಶೇಖರ ಬರಲಿಲ್ಲ.

ಊರವರು ಹುಡುಕಿದರು, ಪೊಲೀಸರು ಬಂದರು, ದೊಡ್ಡ ದೋಣಿಯವರು ತೆರೆಯ ಮಧ್ಯೆಯೂ ಹೋಗಿ ನೋಡಿ ಬಂದರು. ಮನೆಯ ತುಂಬ ಹೆಂಗಸರು. ಎಲ್ಲರೂ ಗೋಡೆಗೆ ಒರಗಿ, ಬಾಯಿಗೆ ಸೆರಗಿಟ್ಟುಕೊಂಡು, ಅಳಲು ಯಾರಾದರೊಬ್ಬರು ಶುರು ಮಾಡಲಿ ಅಂತ ಕಾಯುತ್ತ ಕೂತಿದ್ದರು. ಮೂರನೇ ದಿನ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ಎಲ್ಲರನ್ನೂ ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ಎಂತ ಆಯ್ತ್ ಅಂದೇಳಿ ಮನಿ ಮೂಕಿ ಆಯ್ಕ್? ಹಾಕ್ ಅದ್ನ್.’

ಅದು ಅಂದರೆ ರೆಕಾರ್ಡು ಅಂತ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹೊರಗಿನವರಿಗೆ ಇದು ತಲೆಕೆಟ್ಟವರ ಮಾತು ಅನ್ನಿಸೀತು. ನಮ್ಮ ಕಡೆಯವರಿಗೆ ಹಾಗನ್ನಿಸುವುದಿಲ್ಲ. ಸೂತಕದ ಮನೆಯಲ್ಲಿ ಹಾಡಿಲ್ಲ, ರೇಡಿಯೋ ಇಲ್ಲ, ಟಿವಿಯ ಮೇಲೆ ಬಟ್ಟೆ ಹೊದೆಸುತ್ತಾರೆ. ಹಾಗಾದರೆ ಹಾಡುವ ಮನೆಯಲ್ಲಿ ಸೂತಕವಿಲ್ಲ. ಸೂತಕವಿಲ್ಲದಿದ್ದರೆ ಯಾರೂ ಸತ್ತಿಲ್ಲ. ಗಣಿತದಲ್ಲಿ ಇಂಥದನ್ನು ನಾನು ತಪ್ಪು ಅಂತ ಹೊಡೆದುಹಾಕುತ್ತೇನೆ, ಆವತ್ತು ಎದ್ದು ಹೋಗಿ ಮುಳ್ಳು ಇಟ್ಟೆ. ತಟ್ಟೆಯ ಮೇಲೆ ‘ಬಲೆ ಎಳೆಯುವುದು’ ಹಾಗೆಯೇ ಇತ್ತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು.

ಅಂದಿನಿಂದ ಅದು ದಿನಾ ನಡೆಯಿತು. ಎರಡು ದಿನದಲ್ಲಿ ಅತ್ತೆ ತಾವೇ ಮುಳ್ಳು ಇಡಲು ಕಲಿತರು. ಬೆಳಿಗ್ಗೆ ಒಲೆ ಹಚ್ಚಿದ ಮೇಲೆ ಒಂದು ಸಲ, ಮಧ್ಯಾಹ್ನ ಒಂದು ಸಲ, ದೀಪ ಹಚ್ಚುವಾಗ ಒಂದು ಸಲ, ಮನಸ್ಸಿಗೆ ಬಂದರೆ ನಡುವೆ ಇನ್ನಷ್ಟು. ಯಾವಾಗಲೂ ಅದೇ ರೆಕಾರ್ಡು, ಅದೇ ಬದಿ. ಆಚೆ ಬದಿ ಹಾಕುವುದು ಅವನ ಕೆಲಸ, ಅವನೇ ಬಂದು ಹಾಕುತ್ತಾನೆ ಅನ್ನುತ್ತಿದ್ದರು. ನನ್ನ ಕೊರಳಲ್ಲಿ ಕರಿಮಣಿ ಇತ್ತು, ಕೈಯಲ್ಲಿ ಬಳೆ ಇತ್ತು, ಹಣೆಗೆ ಕುಂಕುಮ ಇಡದೆ ಹೊರಟರೆ ಅತ್ತೆ ಬಾಗಿಲಲ್ಲಿ ನಿಲ್ಲಿಸಿ ತಾವೇ ಇಡುತ್ತಿದ್ದರು. ಆಗ ನಾನು ಕುಂಭಾಶಿಯ ಹತ್ತಿರ ಕೆಲಸಕ್ಕೆ ಹೋಗುತ್ತಿದ್ದೆ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಜನ ಮೊದಲು ನನ್ನ ಹಣೆ ನೋಡುವುದು, ಆಮೇಲೆ ಕೊರಳು, ಆಮೇಲೆ ಬೇರೆ ಕಡೆ.

ಶೇಖರ ಸತ್ತಿದ್ದಾರೆ ಅಂತ ನನಗೆ ಮೊದಲ ಸಂಜೆಯೇ ಗೊತ್ತಾಗಿತ್ತು. ಆ ಅಳಿವೆಯ ಬಾಯಿಯಲ್ಲಿ ಆ ಹೊತ್ತಿನ ಸೆಳೆತದಲ್ಲಿ ಹೋದವರು ಬರುವುದಿಲ್ಲ ಅಂತ ಕೋಡಿಯ ಚಿಕ್ಕ ಮಗುವೂ ಹೇಳುತ್ತದೆ. ನನಗೆ ಬೇಕಾದದ್ದು ಒಂದೇ, ಬಾಯಿಬಿಟ್ಟು ಅಳುವುದು. ಆದರೆ ಆ ಮನೆಯಲ್ಲಿ ಅತ್ತರೆ ನಾನೇ ಅವರನ್ನು ಕೊಂದ ಹಾಗೆ. ಒಂದು ದಿನ ಬಟ್ಟೆ ಒಣಗಿಸುತ್ತ ಅವರ ಲುಂಗಿ ಕೈಗೆ ಬಂದು ಕಣ್ಣು ತುಂಬಿಕೊಂಡಾಗ, ಅಳೂಕೆ ಎಂತ ಆಯ್ತ್ ಅಂತ ಅತ್ತೆ ಗದರಿಸಿ, ಒಳಗೆ ಹೋಗಿ ರೆಕಾರ್ಡು ಹಾಕಿದರು. ಪಿಟೀಲುಗಳು ಎಳೆಯತೊಡಗಿದವು. ನಾನು ಲುಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿದೆ. ಆ ಸಂಗೀತವನ್ನು ನಾನು ಆಗ ದ್ವೇಷಿಸಿದಷ್ಟು ಬೇರೆ ಯಾವುದನ್ನೂ ದ್ವೇಷಿಸಿಲ್ಲ.

ಸಂಕಟ ನಮ್ಮ ಮನೆಯದ್ದು ಮಾತ್ರ ಆಗಿರಲಿಲ್ಲ. ನಮ್ಮ ಕೇರಿಯಲ್ಲಿ ಒಂದು ಕಟ್ಟುಪಾಡು ಇದೆ. ದೋಣಿಯಿಂದ ಜನ ಹೋದರೆ, ಹೋದವನ ಕ್ರಿಯೆ ಮುಗಿಯುವ ತನಕ ಆ ದೋಣಿ ನೀರಿಗೆ ಇಳಿಯುವ ಹಾಗಿಲ್ಲ. ಹೆಣ ಸಿಗದಿದ್ದರೆ ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ ಸುಡಬೇಕು, ಆದರೆ ಅದಕ್ಕೆ ಹೆತ್ತವಳು ಒಪ್ಪಬೇಕು. ಹಾಗಾಗಿ ಬೇರೆ ದೋಣಿಗಳು ಕಡಲು ಬಿಟ್ಟಾಗೆಲ್ಲ ಹೋಗಿ ಬರುತ್ತಿದ್ದರೂ ರಘುವಿನ ದೋಣಿ ತೆಂಗಿನ ಮರದ ಬುಡದಲ್ಲಿ ಕವುಚಿ ಬಿದ್ದಿತ್ತು. ರಘು ದಿನಾ ಸಂಜೆ ಬಂದು ಜಗಲಿಯ ತುದಿಯಲ್ಲಿ ಕೂರುತ್ತಿದ್ದ. ಅವನು ದೋಣಿಯ ಮಾತು ಎತ್ತಲಿಲ್ಲ. ಈಜಿ ಬದುಕಿ ಬಂದವನಿಗೆ ಯಾವ ಬಾಯಿಂದ ಅದನ್ನು ಕೇಳಲಿಕ್ಕಾಗುತ್ತದೆ. ಅತ್ತೆ ಅವನಿಗೆ ಚಹಾ ಕೊಟ್ಟು ಮುಳ್ಳು ಇಡುತ್ತಿದ್ದರು. ಆ ಬದಿ ಮುಗಿಯುವ ತನಕ ಅವನು ತಲೆ ತಗ್ಗಿಸಿ ಕೂತಿದ್ದು, ಆರಿದ ಚಹಾ ಕುಡಿದು ಎದ್ದು ಹೋಗುತ್ತಿದ್ದ. ಅತ್ತೆ ಅವನನ್ನು ಶಿಕ್ಷಿಸುತ್ತಿದ್ದರೋ ಉಪಚರಿಸುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇರಿಯ ಮಕ್ಕಳು ಶಾಲೆಗೆ ಹೋಗುವಾಗ ಆ ರಾಗವನ್ನೇ ಗುನುಗತೊಡಗಿದರು, ಅವರ ತಾಯಂದಿರು ಬೆನ್ನಿಗೆ ಗುದ್ದಿ ಬಾಯಿ ಮುಚ್ಚಿಸುತ್ತಿದ್ದರು.

ಪುನರ್ವಸು ಮಳೆಯಲ್ಲಿ ಬೈಂದೂರು ಕಡೆಯಿಂದ ಫೋನು ಬಂತು. ಸಮುದ್ರದ ಬದಿಗೆ ಒಂದು ಹೆಣ ಬಂದಿದೆ, ಮನೆಯವರು ಬಂದು ನೋಡಬೇಕು ಅಂದರು. ಅತ್ತೆಗೆ ಹೇಳಲಿಲ್ಲ ಅನ್ನುವ ಹಾಗಿಲ್ಲ, ಹೇಳಿಯೇ ಹೋದೆ. ಅವನಲ್ಲ, ಸುಮ್ಮನೆ ಬಸ್ಸಿಗೆ ದಂಡ ಅಂದರು. ನಾನೂ ರಘುವೂ ಹೋದೆವು. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಒಂದು ಬದಿ ಹೊಳೆ. ಬಸ್ಸಿನವರು ಕಡಲ ಬದಿಯ ಕಿಟಕಿಗಳನ್ನೆಲ್ಲ ಎರಚಲಿಗೆ ಮುಚ್ಚಿಕೊಂಡಿದ್ದರು, ನಾನು ತೆರೆದುಕೊಂಡು ಕೂತೆ. ದಾರಿಯುದ್ದಕ್ಕೂ ಆನೆಗುಡ್ಡೆ ಗಣಪತಿಯನ್ನು ಬೇಡಿಕೊಂಡದ್ದು ಅದು ಶೇಖರನೇ ಆಗಿರಲಿ ಅಂತ.

ಬಟ್ಟೆ ಸರಿಸಿದರು. ಮುಖ ಅನ್ನುವುದು ಇರಲಿಲ್ಲ. ಕೈ ಮಾತ್ರ ನೋಡಿದೆ. ಶೇಖರನ ಬಲಗೈಯ ಕಿರುಬೆರಳು ಮುಂಬೈಯ ಹೋಟೆಲಿನಲ್ಲಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ಇದು ನೆಟ್ಟಗಿತ್ತು. ಅವರಲ್ಲ ಅಂದೆ. ಹಾಗೆ ಹೇಳುವಾಗ ನನಗಾದದ್ದು ಸಮಾಧಾನವಲ್ಲ, ನಿರಾಸೆ. ಬೇರೆ ಯಾರದೋ ಮನೆಯ ಮಗನ ಹೆಣದ ಎದುರು ನಿಂತು, ಛೆ ಇವನಲ್ಲವಲ್ಲ ಅಂತ ನಿರಾಸೆಪಟ್ಟೆ. ಹೊರಗೆ ಬಂದು ವಾಂತಿ ಮಾಡಿಕೊಂಡೆ. ರಘು ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. ಅವನಿಗೂ ಅದೇ ನಿರಾಸೆಯಾಗಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮನೆಗೆ ಬಂದಾಗ ರೆಕಾರ್ಡು ಹಾಡುತ್ತಿತ್ತು. ಅತ್ತೆ ನನ್ನ ಮುಖ ನೋಡಿದರು. ಅಲ್ಲ ಅಂದೆ. ಗೊತ್ತಿತ್ತು ಅಂತ ಹೇಳಿ ಗಂಜಿ ಬಡಿಸಿದರು.

ಅಷ್ಟು ಹೊತ್ತಿಗೆ ಮುಳ್ಳು ಸವೆದು ಹೋಗಿತ್ತು. ಹೊಸ ಮುಳ್ಳು ಎಲ್ಲಿಂದ ತರಿಸುವುದು ಅಂತ ಗೊತ್ತಿದ್ದದ್ದು ಶೇಖರನಿಗೆ ಮಾತ್ರ. ಮಳೆಗಾಲದ ತೇವ ಬೇರೆ, ಲಕೋಟೆಗಳಿಗೆಲ್ಲ ಬೂಸಲು. ಸವೆದ ಮುಳ್ಳು ರೆಕಾರ್ಡನ್ನು ತಿನ್ನುತ್ತಿತ್ತು. ಪಿಟೀಲುಗಳ ಮೇಲೆ ಮೊದಲು ಒಂದು ಪರಪರ ಸದ್ದು, ಆಮೇಲೆ ಆ ಸದ್ದೇ ಜಾಸ್ತಿಯಾಗಿ ಪಿಟೀಲು ಅದರೊಳಗೆ ಎಲ್ಲೋ ಸಿಕ್ಕಿಬಿದ್ದ ಹಾಗೆ. ಹೀಗೇ ಹಾಕಿದರೆ ಹಾಳಾಗುತ್ತದೆ ಅಂತ ಹೇಳಿ ನೋಡಿದೆ. ಅವನು ಬಂದು ಸರಿಮಾಡುತ್ತಾನೆ ಅಂದರು. ದಿನಾ ರಾತ್ರಿಯೂಟಕ್ಕೆ ಮಗನ ಪಾಲಿನ ಅನ್ನ ಬೇರೆ ಪಾತ್ರೆಯಲ್ಲಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಅದು ಬೆಕ್ಕಿಗೆ ಹೋಗುತ್ತಿತ್ತು.

ಪುಷ್ಯ ಮಳೆ ಹಿಡಿದಾಗ ಕೇರಿಯ ಗುರಿಕಾರರು ಬಂದರು. ಊರಿನ ನ್ಯಾಯ, ಕಟ್ಟುಕಟ್ಟಳೆ ನೋಡಿಕೊಳ್ಳುವ ಹಿರಿಯರು, ಗಟ್ಟಿ ಮಾತಾಡಿದವರಲ್ಲ. ನೂಲ ಹುಣ್ಣಿಮೆ ಹತ್ತಿರ ಬರುತ್ತಿದೆ, ಸಮುದ್ರಕ್ಕೆ ಹಾಲೆರೆಯುವ ದಿನ ಒಂದು ದೋಣಿ ಹೀಗೆ ಬಿದ್ದಿರುವುದು ಸರಿಯಲ್ಲ, ಮೂರು ಮನೆಯ ಒಲೆ ಆ ದೋಣಿಯ ಮೇಲೆ ನಿಂತಿದೆ ಅಂತ ನಿಧಾನವಾಗಿ ಹೇಳಿದರು. ಅತ್ತೆ ಕಂಬಕ್ಕೆ ಒರಗಿ ಕೇಳಿಸಿಕೊಂಡರು.

‘ಗಿರಿಜಕ್ಕ, ನೀರ್ ತಕಂಡದ್ದನ್ನ ನೀರ್ ಕೊಡ್ದಿದ್ರೆ ನಾವೇ ಬಿಟ್ ಕೊಡ್ಕ್,’ ಅಂದರು ಗುರಿಕಾರರು.

‘ನಿಮ್ಗೆ ದೋಣಿ ಬೇಕ್. ನಂಗೆ ಮಗ ಬೇಕ್,’ ಅಂದರು ಅತ್ತೆ. ಅಷ್ಟು ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ಪರಪರ ಸದ್ದು ಬಂತು. ಗುರಿಕಾರರು ಛತ್ರಿ ಬಿಡಿಸಿಕೊಂಡು ಎದ್ದರು. ಅವರ ಹಿಂದೆಯೇ ಓಡಿ ಹೋಗಿ, ನನ್ನ ಒಪ್ಪಿಗೆ ಇದೆ, ನಾನು ಹೆಂಡತಿ, ಮಾಡಿ ಮುಗಿಸಿ ಅಂತ ಹೇಳಬೇಕು ಅನ್ನಿಸಿತು. ಆದರೆ ಒಳಗೆ ಕೂತ ಆ ಹೆಂಗಸಿನ ಕೈಯಿಂದ ಅದನ್ನು ಕಿತ್ತುಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಆಶ್ಲೇಷಾ ಮಳೆಯಲ್ಲಿ ಗಾಳಿ ಎದ್ದಿತು. ಒಂದು ಮಧ್ಯಾಹ್ನ ಎಲ್ಲೋ ಮರ ಬಿದ್ದು ಕಂಬಗಳು ಸಾಲಾಗಿ ಮಲಗಿದವು. ಆಗ ರೆಕಾರ್ಡು ಹಾಡುತ್ತಿತ್ತು. ಪಿಟೀಲುಗಳು ಎಳೆಯುತ್ತ ಎಳೆಯುತ್ತ ಅಲ್ಲೇ ಗೊಗ್ಗರಾಗಿ, ನಿಧಾನವಾಗಿ, ನಿಂತುಹೋದವು. ನಾನು ಮುಳ್ಳೆತ್ತಲು ಹೋದೆ. ಅತ್ತೆ ಬಿಡಲಿಲ್ಲ. ಮುಟ್ಟಬೇಡ, ಕರೆಂಟು ಬಂದ ಕೂಡಲೇ ಅದು ಅಲ್ಲಿಂದಲೇ ಹಾಡುತ್ತದೆ ಅಂದರು. ಸ್ವಿಚ್ಚನ್ನೂ ಆರಿಸಗೊಡಲಿಲ್ಲ.

ಕರೆಂಟು ಸಂಜೆಗೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಆಗ ನಮ್ಮ ಮನೆಯೊಳಕ್ಕೆ ಕಡಲಿನ ಸದ್ದು ಬಂತು. ಅದು ಮೊದಲಿನಿಂದಲೂ ಇದ್ದ ಸದ್ದೇ. ಆದರೆ ಇಷ್ಟು ದಿನ ಅದರ ಮೇಲೆ ಇದನ್ನು ಹೊದೆಸಿ ಇಟ್ಟಿದ್ದೆವು, ಈಗ ಹೊದಿಕೆ ತೆಗೆದ ಹಾಗಾಯಿತು. ಅತ್ತೆ ಗೋಡೆಗೆ ಬೆನ್ನು ಕೊಟ್ಟು, ಮಗ ಕೂರುತ್ತಿದ್ದ ಜಾಗದಲ್ಲೇ ಕೂತು, ಅದನ್ನು ಕೇಳುತ್ತಿದ್ದರು. ಪ್ಲೇಯರಿನ ಕಡೆ ನೋಡಲಿಲ್ಲ. ಎರಡನೇ ದಿನ ಮಧ್ಯಾಹ್ನ ಒಲೆಯ ಮುಂದೆ ಕೂತ ನನಗೆ ತಡೆಯಲಾಗಲಿಲ್ಲ. ಊರಿಗೇ ಕೇಳುವ ಹಾಗೆ ಅತ್ತುಬಿಟ್ಟೆ. ಅಷ್ಟು ದಿನದ್ದು ಒಂದೇ ಸಲಕ್ಕೆ ಬಂತು. ಅತ್ತೆ ಬಂದು ಗದರಿಸುತ್ತಾರೆ ಅಂತ ಕಾದೆ. ಅವರು ಕೂತಲ್ಲಿಂದ ಏಳಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಮಗನ ಪಾಲಿನ ಅನ್ನದ ಪಾತ್ರೆ ಹಿಡಿದುಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಬೆಕ್ಕು ಕಾಲು ಸುತ್ತುತ್ತಿತ್ತು. ಅವರು ಅನ್ನ ಹಾಕಲಿಲ್ಲ.

‘ಬದ್ಕಿದ್ರೆ ಅವ್ನಿಗೆ ಎಲ್ಲಾದ್ರೂ ಯಾರಾದ್ರೂ ಒಂದ್ ಮುಷ್ಟಿ ಅನ್ನ ಹಾಕ್ತ್ರ್,’ ಅಂದರು. ‘ಸತ್ತಿದ್ರೆ ನಾವೇ ಹಾಕ್ಕ್ ಅಲ್ದಾ? ಮಳಿಗಾಲ ಪೂರಾ ನಾ ಬೆಕ್ಕಿಗ್ ಹಾಕ್ದೆ.’

ಅವರು ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ರಘುವಿಗೆ ಹೇಳಿ ಕಳಿಸು ಅಂದರು.

ಒಮ್ಮೆ ಒಪ್ಪಿದ ಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಮರುದಿನವೇ ಸಮುದ್ರದ ಬದಿಯಲ್ಲಿ, ಮಳೆ ಬಿಟ್ಟ ಹೊತ್ತು ನೋಡಿ, ದರ್ಭೆಯ ಶೇಖರನನ್ನು ಸುಟ್ಟರು. ಬೆಂಕಿ ಕೊಟ್ಟವನು ರಘು. ಇತ್ತ ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಬಳೆ ತೆಗೆದರು, ಕುಂಕುಮ ತೊಳೆದರು, ಕರಿಮಣಿ ಬಿಚ್ಚಿದರು, ತಲೆಯ ಮೇಲೆ ನೀರು ಹೊಯ್ದರು. ನನಗೆ ಹಗುರವೇ ಆಯಿತು. ಸುಳ್ಳು ಹೇಳುವುದಿಲ್ಲ, ಇನ್ನು ನಾಟಕವಿಲ್ಲ ಅನ್ನುವ ಒಂದು ನೆಮ್ಮದಿ. ಎಲ್ಲರೂ ಅಳುತ್ತಿದ್ದರು. ನಾನು ಅತ್ತದ್ದು ಮುಗಿದಿತ್ತು. ಅತ್ತೆ ಅಳಲೇ ಇಲ್ಲ.

ಗಂಡಸರು ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಅಂಗಳದಲ್ಲಿ ನಿಂತರು. ನಾನೂ ಅತ್ತೆಯೂ ಜಗಲಿಯ ಮೇಲೆ ಕೂತಿದ್ದೆವು. ಗುರಿಕಾರರು ಮುಂದಿನ ದಿನಗಳ ಕ್ರಿಯೆಯ ಬಗ್ಗೆ ಏನೋ ಹೇಳುತ್ತಿದ್ದರು. ಪುರೋಹಿತರು ಬರುವ ದಿನ, ಬೊಜ್ಜ ಅಂದರೆ ಉತ್ತರಕ್ರಿಯೆಯ ಊಟ, ಯಾರಿಗೆಲ್ಲ ಹೇಳಿಕೆ. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ.

ಆಗ ಮನೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಗೊಗ್ಗರು ದನಿಯೊಂದು ಕೆಳಗಿನಿಂದ ಎದ್ದು, ಮೇಲೆ ಬಂದು, ಪಿಟೀಲುಗಳಾಗಿ ಎಳೆಯತೊಡಗಿತು.

ಅಂಗಳದಲ್ಲಿ ಎಲ್ಲರೂ ಕಲ್ಲಾದರು. ನಾನು ಎದ್ದದ್ದು ನನಗೇ ಗೊತ್ತಿಲ್ಲ. ಮೊದಲ ದಿನದಿಂದ ಎಲ್ಲವೂ ಗೊತ್ತಿದ್ದವಳು ನಾನು. ಬೈಂದೂರಿನಲ್ಲಿ ಹೆಣದ ಕೈ ನೋಡಿ ಬಂದವಳು, ಬಳೆ ತೆಗೆಸಿಕೊಂಡು ಹಗುರಾದವಳು. ಹೊಸ್ತಿಲು ಎಡವಿ, ಒದ್ದೆ ತಲೆಯಲ್ಲಿ, ಒಳಗೆ ಓಡಿದೆ. ‘ಹ್ವಾಯ್, ಬಂದ್ರಾ?’ ಅಂತ ನಾನು ಕೂಗಿದ್ದು ಅಂಗಳಕ್ಕೆಲ್ಲ ಕೇಳಿತಂತೆ.

ಕೋಣೆಯಲ್ಲಿ ಯಾರೂ ಇರಲಿಲ್ಲ. ರೆಕಾರ್ಡು ತಿರುಗುತ್ತಿತ್ತು. ಮೇಲೆ ಬಲ್ಬು ಹಗಲಲ್ಲೇ ಉರಿಯುತ್ತಿತ್ತು. ಅಡುಗೆಮನೆಯಲ್ಲೂ ನೋಡಿದೆ, ಹಿತ್ತಿಲ ಬಾಗಿಲು ತೆಗೆದು ನೋಡಿದೆ, ಮತ್ತೆ ಕೋಣೆಗೆ ಬಂದೆ. ಅತ್ತೆ ನನ್ನ ಹಿಂದೆಯೇ ಒಳಗೆ ಬಂದಿದ್ದರು. ಇಷ್ಟು ದಿನ ಯಾರಿಗೂ ಮುಟ್ಟಲು ಬಿಡದಿದ್ದ ಮುಳ್ಳನ್ನು ಅವರೇ ಎರಡು ಬೆರಳಲ್ಲಿ ಹಿಡಿದು ಎತ್ತಿಟ್ಟರು. ಆಮೇಲೆ ನನ್ನ ಖಾಲಿ ಮುಂಗೈ ಹಿಡಿದುಕೊಂಡರು.

‘ಅವ ಬಂದದ್ದಲ್ಲ ಮಗಾ,’ ಅಂದರು. ‘ಕರೆಂಟ್ ಬಂದದ್ದ್.’